ಮಳೆಗಾಲಕ್ಕೂ ನಿಲ್ಲುವ ಕೋಳಿ ಫೀಡರ್

ಹಿತ್ತಲಲ್ಲಿ ನಾಲ್ಕೈದು ಊರಿನ ಕೋಳಿ ಸಾಕುವ ಮನೆಗಳು ಮಂಗಳೂರಿನ ಅಂಚಿನಲ್ಲಿ, ಕುಡುಪು, ಬೋಂದೆಲ್, ಬಜಾಲ್ ಕಡೆ ಇಂದಿಗೂ ಕಾಣಸಿಗುತ್ತವೆ. ಗೂಡಿಗೊಂದು ಫೀಡರ್ ಮಾಡಹೊರಟವರು ಮೊದಲು ಕೇಳುವುದು, ಒಮ್ಮೆ ತುಂಬಿಸಿದರೆ ಎಷ್ಟು ದಿನ ಬಂದೀತು ಎಂದು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಆ ಲೆಕ್ಕಕ್ಕೆ ಎರಡನೇ ಸ್ಥಾನ. ಆಹಾರ ಒಣಗಿರಬೇಕು, ಇಲಿಗೆ ಸಿಗಬಾರದು. ಈ ಎರಡು ಅಗತ್ಯಗಳಿಂದಲೇ ಫೀಡರಿನ ಅಳತೆ, ಎತ್ತರ, ಆಕಾರ ತೀರ್ಮಾನವಾಗಬೇಕು.

## ತಿನ್ನುವುದೆಷ್ಟು, ಚೆಲ್ಲುವುದೆಷ್ಟು

ಮೊಟ್ಟೆಯಿಡುವ ದೊಡ್ಡ ಕೋಳಿಯೊಂದು ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಅಂಗಳದಲ್ಲಿ ಹುಳಹುಪ್ಪಟೆ ಹೆಕ್ಕುವ ಊರಿನ ಕೋಳಿಗೆ ಅಷ್ಟೂ ಬೇಡ. ಆದರೆ ಚೆಲ್ಲುವುದರಲ್ಲಿ ಯಾವ ಕೋಳಿಯೂ ಹಿಂದೆ ಬಿದ್ದಿಲ್ಲ. ತುಂಬಿದ ಬಟ್ಟಲಿನ ಮುಂದೆ ನಿಂತ ಹೇಂಟೆಯನ್ನು ಗಮನಿಸಿ: ಕೊಕ್ಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ಹುಡಿಯನ್ನೆಲ್ಲ ಆಚೆ ತಳ್ಳಿ, ಜೋಳದ ನುಚ್ಚನ್ನಷ್ಟೇ ಆರಿಸಿಕೊಳ್ಳುತ್ತದೆ. ತಟ್ಟೆಯ ಮೂರನೇ ಒಂದು ಭಾಗ ಮಾತ್ರ ತುಂಬಿರುವಂತೆ ನೋಡಿಕೊಂಡು, ಅಂಚನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಇಟ್ಟರೆ ಈ ನಷ್ಟ ಬಹುಮಟ್ಟಿಗೆ ನಿಲ್ಲುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜದಂಥ ದೊಡ್ಡ ತಳಿಯಿದ್ದರೆ ಆ ಮಟ್ಟ ಇನ್ನೂ ಮೇಲಕ್ಕೆ ಹೋಗುತ್ತದೆ.

## ಬೂಷ್ಟಿನ ಭಯ

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳ ಆಹಾರಕ್ಕೆ ಬೆರೆಸಿದ್ದ ನೆಲಗಡಲೆ ಹಿಂಡಿಯ ಬೂಷ್ಟಿನಲ್ಲಿ ಪತ್ತೆಯಾದ ವಿಷವೇ ಅಫ್ಲಾಟಾಕ್ಸಿನ್. ಜೋಳ, ನೆಲಗಡಲೆ ಹಿಂಡಿ, ತೆಂಗಿನ ಹಿಂಡಿ ಯಾವುದಕ್ಕೂ ತೇವ ತಾಗಿದರೆ ಈ ಬೂಷ್ಟು ಬೆಳೆಯಬಹುದು. ಬಿಸಿಲಿಗೆ ಹಾಕಿದರೂ ವಿಷ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಫೀಡರಿನಲ್ಲಿ ಎರಡು ದಿನಕ್ಕಾಗುವಷ್ಟು ಮಾತ್ರ ಇರಲಿ, ಉಳಿದದ್ದು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಮನೆಯೊಳಗಿರಲಿ. ಮುಗ್ಗಲು ವಾಸನೆ ಬಂದದ್ದನ್ನು ದನಕ್ಕೂ ಹಾಕಬಾರದು.

## ಪೈಪಿನ ಫೀಡರ್

ನಾಲ್ಕಿಂಚಿನ ಪಿವಿಸಿ ಪೈಪ್, ಕೆಳಗೊಂದು ಬೆಂಡ್, ಮೇಲೊಂದು ಮುಚ್ಚಳ, ಗೋಡೆಗೆ ಎರಡು ಕ್ಲಾಂಪ್. ಕೊಯ್ದ ಅಂಚನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಬೇಕು, ಇಲ್ಲವಾದರೆ ಕೋಳಿಯ ಕತ್ತಿಗೆ ಗಾಯವಾಗುತ್ತದೆ. ಒಂದು ಮೀಟರ್ ಪೈಪಿಗೆ ಸುಮಾರು 5 ಕೆ.ಜಿ. ಆಹಾರ ಹಿಡಿಯುತ್ತದೆ. ಐದು ಕೋಳಿಗೆ ಅದು ಒಂದು ವಾರಕ್ಕೂ ಮಿಕ್ಕಿತು, ಇಲ್ಲಿಯ ಮಳೆಗಾಲಕ್ಕೆ ಅಷ್ಟು ಉದ್ದ ಬೇಡ. ಒಂದೂವರೆ ಅಡಿಯ ಎರಡು ಪೈಪುಗಳನ್ನು ದೂರದೂರ ಕಟ್ಟುವುದು ಮೇಲು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೊಂದು ಶ್ರೇಣಿಯಿದೆ ಎಂದು ನಾರ್ವೆಯ ವಿಜ್ಞಾನಿ ಶೆಲ್ಡರುಪ್-ಎಬ್ಬೆ 1921ರಷ್ಟು ಹಿಂದೆಯೇ ಬರೆದಿದ್ದರು. ಬಾಯಿ ಒಂದೇ ಇದ್ದರೆ ಜೋರಿನ ಹೇಂಟೆ ಅದಕ್ಕೆ ಕಾವಲು ನಿಲ್ಲುತ್ತದೆ, ಕೊನೆಯದಕ್ಕೆ ಹೊಟ್ಟೆ ತುಂಬುವುದಿಲ್ಲ. ಎರಡು ಕಡೆ ಏಕಕಾಲಕ್ಕೆ ಕಾಯಲು ಅದಕ್ಕೂ ಸಾಧ್ಯವಿಲ್ಲ.

ಪೈಪಿನ ದೋಷ ಬೆಂಡಿನಲ್ಲಿದೆ. ಹುಡಿ ಆಹಾರ ತೇವ ಹೀರಿ ಅಲ್ಲಿ ಗಟ್ಟಿ ಪದರವಾಗಿ ಅಂಟುತ್ತದೆ. ಮೇಲೆ ತುಂಬಿದ್ದರೂ ಕೆಳಗೆ ಇಳಿಯುವುದಿಲ್ಲ. ಕಾಳು ಅಥವಾ ಪೆಲೆಟ್ ಹಾಕುವವರಿಗಷ್ಟೇ ಪೈಪ್ ಸರಿ.

## ಬಕೆಟಿನ ಫೀಡರ್

ಹುಡಿ ಹಾಕುವವರಿಗೆ ಅಡುಗೆ ಎಣ್ಣೆಯ ಹಳೆ ಬಕೆಟ್ ಒಳ್ಳೆಯದು. ಪೈಂಟ್ ಬಕೆಟ್ ಬೇಡ. ಬುಡದ ಅಂಚಿನಲ್ಲಿ ಸುತ್ತಲೂ ನಾಲ್ಕು ಅರ್ಧಚಂದ್ರ ತೂತು ಕೊಯ್ದು, ಬಕೆಟಿಗಿಂತ ಒಂದು ಗೇಣು ಅಗಲವಾದ ಬೇಸಿನ್ನಿಗೆ ಬೋಲ್ಟ್ ಹಾಕಿ ಬಿಗಿದು, ಹಗ್ಗದಿಂದ ನೇತುಹಾಕಬೇಕು. ಆಹಾರ ಸುಮಾರು ತೂತಿನ ಎತ್ತರಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ತೂತು 3 ಸೆಂ.ಮೀ. ಮೀರಬಾರದು. ದೊಡ್ಡ ತೂತು ಕೊಯ್ದರೆ ಬೇಸಿನ್ ತುಂಬಿ, ಚೆಲ್ಲಾಟ ಮತ್ತೆ ಶುರು. ನೇತುಹಾಕಿದ ಬಕೆಟಿಗೆ ಕೋಳಿ ತಾಗಿದಾಗಲೆಲ್ಲ ಅದು ಅಲುಗುವುದರಿಂದ ಹುಡಿ ತಾನಾಗಿ ಇಳಿಯುತ್ತದೆ. ಮಂಗಳೂರಿನ ಹವೆಗೆ ನನ್ನ ಮತ ಇದಕ್ಕೇ.

## ಇಲಿ, ಹೆಗ್ಗಣ

ಚೆಲ್ಲಿದ ಆಹಾರಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಇಲಿಯ ಮೂತ್ರ ಬೆರೆತ ನೀರಿನಿಂದ ಮನುಷ್ಯರಿಗೆ ಇಲಿಜ್ವರ ಹರಡುವುದೂ ಮಳೆಗಾಲದಲ್ಲೇ ಹೆಚ್ಚು. ಬಕೆಟ್ ತೂಗುವ ಹಗ್ಗದ ನಡುವೆ ನುಣುಪಾದ ತಗಡಿನ ಅಗಲ ಬಿಲ್ಲೆಯೊಂದನ್ನು ಪೋಣಿಸಿ. ಬಂದರಿನಲ್ಲಿ ಹಡಗು ಕಟ್ಟಿದ ಹಗ್ಗಗಳಿಗೂ ಇಲಿ ಹತ್ತದಿರಲೆಂದು ಇಂಥದ್ದನ್ನೇ ಹಾಕುತ್ತಾರೆ. ಅಷ್ಟಾದರೂ ಸಂಜೆ ಕೋಳಿ ಗೂಡು ಸೇರಿದ ಮೇಲೆ ಫೀಡರನ್ನು ಒಳಗೆ ತಂದಿಡುವುದೇ ಖಚಿತ ಉಪಾಯ.

## ಅನ್ನ ಮತ್ತು ಚಿಪ್ಪು

ಉಳಿದ ಕುಚ್ಚಲಕ್ಕಿ ಅನ್ನ, ನೀರಲ್ಲಿ ಕಲಸಿದ ತವುಡು ಫೀಡರಿಗೆ ಸಲ್ಲದು. ಅಡಿಕೆ ಹಾಳೆಯ ತುಂಡಿನಲ್ಲಿ ಹಾಕಿ, ಕೋಳಿ ತಿಂದು ಸರಿದ ಕೂಡಲೇ ಹಾಳೆ ಸಮೇತ ತೆಗೆದು ತೆಂಗಿನ ಬುಡಕ್ಕೆ ಹಾಕಿದರಾಯಿತು. ಸಾರು ಮಾಡಿ ಉಳಿದ ಮರುವಾಯಿಯ ಚಿಪ್ಪನ್ನು ತೊಳೆದು ಒಣಗಿಸಿ, ಜಜ್ಜಿ, ಒಂದು ಗೆರಟೆಯಲ್ಲಿ ಬೇರೆಯೇ ಇಡಿ. ಮೊಟ್ಟೆಯಿಡುವ ಹೇಂಟೆ ಸುಣ್ಣದಂಶ ಬೇಕಾದಾಗ ಬೇಕಾದಷ್ಟು ತಿನ್ನುತ್ತದೆ. ಮರಿಗಳಿಗೂ ಹುಂಜಕ್ಕೂ ಅಷ್ಟು ಸುಣ್ಣ ಬೇಡವಾದ್ದರಿಂದ ಅದನ್ನು ಎಲ್ಲರ ಆಹಾರಕ್ಕೆ ಬೆರೆಸಬಾರದು.