ಲೈನ್ ಎಲ್ಲಿ ಕೆಟ್ಟಿದೆ? ಶಿವನಸಮುದ್ರದಿಂದ ದೌಂಡದವರೆಗೆ

ಬೆಂಗಳೂರಿನಿಂದ ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋದವರಿಗೆ ದೌಂಡ ಜಂಕ್ಷನ್ ಗೊತ್ತೇ ಇರುತ್ತೆ. ಅಲ್ಲಿ ಹಳಿಯ ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟ್ ಹರಿಯುತ್ತೆ. ತಂತಿ ಹರಿದರೆ, ಇನ್ಸುಲೇಟರ್ ಒಡೆದರೆ, ಸಬ್‌ಸ್ಟೇಷನ್ನಿನ ಬ್ರೇಕರ್ ಕಣ್ಣುಮುಚ್ಚಿ ತೆರೆಯೋದರೊಳಗೆ ಟ್ರಿಪ್ ಆಗುತ್ತೆ. ಆದರೆ ಕೆಟ್ಟಿರೋದು ಎಲ್ಲಿ? ಇವತ್ತಿನ ಮಾತು ಈ ಪ್ರಶ್ನೆಯ ಚರಿತ್ರೆ.

ನಮ್ಮ ನಾಡಿಗೆ ಈ ಪ್ರಶ್ನೆ ದೊಡ್ಡದಾಗಿ ಬಂದದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಶುರುವಾದ ಶಿವನಸಮುದ್ರ ಯೋಜನೆಯ ಕರೆಂಟು ಆ ವರ್ಷ ಜೂನ್ ಕೊನೆಗೆ ಕೋಲಾರದ ಚಿನ್ನದ ಗಣಿಗೆ ಹರಿಯಿತು. ದೂರ 92 ಮೈಲಿ, ಅಂದರೆ ಸುಮಾರು 148 ಕಿ.ಮೀ. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಲೈನ್‌ಗಳಲ್ಲಿ ಇದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಶಿವನಸಮುದ್ರದ ಕರೆಂಟೇ ಬಂತು.

ಇಷ್ಟು ಉದ್ದದ ತಂತಿ ಕಾಡು, ಕೆರೆ, ಹೊಲ ದಾಟಿ ಹೋಗುತ್ತೆ. ಸಿಡಿಲು ಬಡಿಯುತ್ತೆ, ಕೊಂಬೆ ಬೀಳುತ್ತೆ. ಆ ಕಾಲದಲ್ಲಿ ಮುಖ್ಯ ಉಪಾಯ ಎರಡು. ಮೊದಲನೆಯದು, ಲೈನನ್ನು ನಡುವೆ ಬೇರ್ಪಡಿಸಿ ಯಾವ ಅರ್ಧ ಕೆಟ್ಟಿದೆ ಅಂತ ನೋಡೋದು, ಆ ಅರ್ಧವನ್ನು ಮತ್ತೆ ಅರ್ಧ ಮಾಡೋದು. ಎರಡನೆಯದು, ಕಂಬದಿಂದ ಕಂಬಕ್ಕೆ ನಡೆದು ಹೋಗೋದು. ಮಳೆಯಿರಲಿ, ಕತ್ತಲಿರಲಿ, ಲೈನ್‌ಮನ್ನನ ಕಣ್ಣೇ ಯಂತ್ರ. ಸುಮ್ಮನೆ ಮತ್ತೆ ಸ್ವಿಚ್ ಹಾಕಿ ನೋಡೋಣ ಅನ್ನೋ ಹಾಗೂ ಇಲ್ಲ. ಹರಿದ ತಂತಿ ಗದ್ದೆಯಲ್ಲಿ ಬಿದ್ದಿದ್ದರೆ ಒಂದು ಜೀವ ಹೋಗಬಹುದು.

ಆಮೇಲೆ ಲೆಕ್ಕ ಬಂತು. ದೋಷವಾದ ಗಳಿಗೆಯಲ್ಲಿ ಸಬ್‌ಸ್ಟೇಷನ್ನಿನಲ್ಲಿದ್ದ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಅಲ್ಲಿಯವರೆಗಿನ ತಡೆ ಸಿಗುತ್ತೆ. ಒಂದು ಕಿಲೋಮೀಟರಿಗೆ 0.4 ಓಮ್ ಅಂತ ಇಟ್ಟುಕೊಳ್ಳಿ. 12 ಓಮ್ ಬಂದರೆ ದೋಷ 30 ಕಿ.ಮೀ. ದೂರದಲ್ಲಿದೆ. ಡಿಸ್ಟೆನ್ಸ್ ರಿಲೇ ಕೆಲಸ ಮಾಡೋದು ಇದೇ ತತ್ವದಲ್ಲಿ. ಆದರೆ ದೋಷದ ಜಾಗದಲ್ಲಿ ಮರವೋ ಒಣ ನೆಲವೋ ಅಡ್ಡ ಬಂದರೆ ಆ ತಡೆಯೂ ಸೇರಿ ಲೆಕ್ಕ ತಪ್ಪುತ್ತೆ.

ಈಗ ಗಡಿಯಾರದ ಕಾಲ. ದೋಷವಾದ ಜಾಗದಿಂದ ಎರಡೂ ಕಡೆಗೆ ಅಲೆ ಹೊರಡುತ್ತೆ, ಹತ್ತಿರಹತ್ತಿರ ಬೆಳಕಿನ ವೇಗದಲ್ಲಿ. ಎರಡು ತುದಿಯಲ್ಲೂ ಅದು ಮುಟ್ಟಿದ ಸಮಯವನ್ನು ಜಿಪಿಎಸ್ ಗಡಿಯಾರ ಬರೆದಿಡುತ್ತೆ. ಆ ವ್ಯತ್ಯಾಸದಿಂದ ಜಾಗ ಗೊತ್ತಾಗುತ್ತೆ. ಸಮಯದಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ಜಾಗದಲ್ಲಿ ಸುಮಾರು 150 ಮೀಟರ್ ತಪ್ಪು, ಅಷ್ಟೇ.

ನನಗೆ ಮುಖ್ಯ ಅನ್ನಿಸೋದು ಇದು: ಶಿವನಸಮುದ್ರದ ಕಾಲದಲ್ಲಿ ಮೈಲಿಗಟ್ಟಲೆ ಇದ್ದ ನಡಿಗೆಯನ್ನು ಯಂತ್ರ ಒಂದೆರಡು ಕಂಬಕ್ಕೆ ಇಳಿಸಿದೆ, ಇಲ್ಲವಾಗಿಸಿಲ್ಲ. ಲೈನ್ ಆಫ್ ಮಾಡಿಸಿ, ಅರ್ಥ್ ಕೊಟ್ಟು, ಕಂಬ ಹತ್ತಿ ರಿಪೇರಿ ಮಾಡೋದು ಈಗಲೂ ಮನುಷ್ಯನೇ. ಮುಂದಿನ ಸಲ ಕರೆಂಟು ಹೋದಾಗ ಫೋನಿನಲ್ಲಿ ಬೈಯೋ ಮುಂಚೆ ಅವರನ್ನೂ ಒಂದು ಸಲ ನೆನೆಯಿರಿ.