ಗುಂಪಾಗಿ ಮನೆ ಕಟ್ಟಿಕೊಂಡರೆ ನಿಜವಾಗಿ ಎಷ್ಟು ಉಳಿಯುತ್ತದೆ? ಫಾರ್ವರ್ಡ್ ಸಂದೇಶ ಹೇಳದ ಲೆಕ್ಕ

‘ಹತ್ತು ಜನರ ಗುಂಪು ಮಾಡಿ, ನೋಂದಣಿ ಶುಲ್ಕ ಕಟ್ಟಿ, ಅರ್ಧ ಬೆಲೆಗೆ ಸ್ವಂತ ಮನೆ ಪಡೆಯಿರಿ’ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಬಾಡಿಗೆ ಮನೆಯಲ್ಲಿರುವವರಿಗೆ ಇಂಥ ಸಂದೇಶ ಕಂಡರೆ ಆಸೆ ಹುಟ್ಟುವುದು ಸಹಜ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಈ ಲೇಖನದಲ್ಲಿ ನಾವು ಬಿಡಿಸಿ ನೋಡೋಣ. ಉದಾಹರಣೆಗೆ ಕೊಪ್ಪಳ ನಗರಕ್ಕೆ ಅಂಟಿಕೊಂಡಿರುವ ಭಾಗ್ಯನಗರವನ್ನು ತೆಗೆದುಕೊಳ್ಳೋಣ. ನೇಕಾರಿಕೆ ಮತ್ತು ಕೂದಲು ಸಂಸ್ಕರಣೆಗೆ ಹೆಸರಾದ ಈ ಊರಿನಲ್ಲಿ ದಿನದ ದುಡಿಮೆಯ ಮೇಲೆ ಬದುಕುವ ಕುಟುಂಬಗಳು ಬಹಳ.

ಮೊದಲು ಚಿಕ್ಕ ಉತ್ತರ: ಗುಂಪಾಗಿ ಕಟ್ಟಿದರೆ ಉಳಿತಾಯ ಆಗುತ್ತದೆ, ಅದು ನಿಜ. ಅರ್ಧ ಬೆಲೆ ಎಂಬುದು ನಿಜವಲ್ಲ. ‘ಗುಂಪಿನ ನೋಂದಣಿ ಶುಲ್ಕ’ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಇದು ಹೊಸ ವಿಚಾರವೇ?

ಅಲ್ಲ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ: ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ. ಕೂಲಿ ಇಲ್ಲ, ಆದರೆ ಲೆಕ್ಕ ಇದೆ. ಉಂಡ ಮುಯ್ಯಿ ತೀರಿಸಲೇಬೇಕು.

ಹೊರದೇಶಗಳಲ್ಲಿ ಇದೇ ಪದ್ಧತಿ ಕಾನೂನಿನ ರೂಪ ಪಡೆದಿದೆ. ದಕ್ಷಿಣ ಅಮೆರಿಕದ ಉರುಗ್ವೆ 1968ರಲ್ಲಿ ವಸತಿ ಕಾನೂನು ಮಾಡಿ, ಪರಸ್ಪರ ಶ್ರಮದಿಂದ ಕಟ್ಟುವ ಸಹಕಾರ ಸಂಘಗಳಿಗೆ ಸರ್ಕಾರಿ ಸಾಲ ಸಿಗುವಂತೆ ಮಾಡಿತು. ಅಲ್ಲಿ ಪ್ರತಿ ಕುಟುಂಬ ವಾರಕ್ಕೆ ಸುಮಾರು 21 ಗಂಟೆ ಕೆಲಸ ಕೊಡುವುದು ರೂಢಿ. ಅಮೆರಿಕದ ಗ್ರಾಮೀಣ ಭಾಗದ ಯೋಜನೆಯೊಂದರಲ್ಲಿ ಕೆಲವೇ ಕುಟುಂಬಗಳ ಗುಂಪು ಕಟ್ಟಡ ಕೆಲಸದ ಸುಮಾರು ಶೇ 65 ಭಾಗವನ್ನು ತಾನೇ ಮಾಡಬೇಕು. ಎಲ್ಲ ಮನೆಗಳೂ ಮುಗಿಯುವವರೆಗೆ ಯಾರೂ ಗೃಹಪ್ರವೇಶ ಮಾಡುವಂತಿಲ್ಲ. ತನ್ನ ಮನೆ ಮುಗಿದ ಕೂಡಲೇ ಒಬ್ಬ ಕೈಬಿಡಬಾರದು ಎಂಬುದಕ್ಕೇ ಈ ನಿಯಮ.

ಸರ್ಕಾರ ಗುಂಪಿಗೆ ಮನೆ ಕೊಡುತ್ತದೆಯೇ?

ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಆರಂಭವಾದದ್ದು 2024ರಲ್ಲಿ. ಅದರಲ್ಲಿ ‘ಫಲಾನುಭವಿ ತಾನೇ ಕಟ್ಟಿಕೊಳ್ಳುವ’ ವಿಭಾಗವಿದೆ. ಸ್ವಂತ ಜಾಗ ಇರುವ ಕುಟುಂಬಕ್ಕೆ ಮನೆ ಕಟ್ಟಲು ನೆರವು ಸಿಗುವುದು ಇದರಲ್ಲೇ. ಮಾರ್ಗಸೂಚಿಯಂತೆ ಕೇಂದ್ರದ ಪಾಲು 1.5 ಲಕ್ಷ, ರಾಜ್ಯದ ಪಾಲು ಕನಿಷ್ಠ 1 ಲಕ್ಷ ರೂಪಾಯಿ. ಈ ವಿಭಾಗದ ಷರತ್ತುಗಳು ಹೀಗಿವೆ:

• ಕುಟುಂಬದ ವಾರ್ಷಿಕ ಆದಾಯ 3 ಲಕ್ಷದೊಳಗೆ ಇರಬೇಕು.
• ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು.
• ಕಳೆದ 20 ವರ್ಷಗಳಲ್ಲಿ ಬೇರೆ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು.
• ಮನೆಯ ಒಳ ವಿಸ್ತೀರ್ಣ 30ರಿಂದ 45 ಚದರ ಮೀಟರ್ ಇರಬೇಕು.

ಅರ್ಜಿ, ಮಂಜೂರಾತಿ, ಹಣ ಎಲ್ಲವೂ ಒಂದೊಂದು ಕುಟುಂಬದ ಹೆಸರಿನಲ್ಲೇ ನಡೆಯುತ್ತವೆ. ಗುಂಪು ಕಟ್ಟಬೇಕು ಎಂಬ ಷರತ್ತೂ ಇಲ್ಲ, ಗುಂಪಿನ ಶುಲ್ಕವೂ ಇಲ್ಲ. ವಿಚಾರಿಸಬೇಕಾದ ಜಾಗ ಪಟ್ಟಣ ಪಂಚಾಯಿತಿ ಕಚೇರಿ. ಇನ್ನೊಂದು ಮಾತು ನೆನಪಿರಲಿ: ಭಾಗ್ಯನಗರ ಪಟ್ಟಣ ಪಂಚಾಯಿತಿ, ಆದ್ದರಿಂದ ನಗರ ಯೋಜನೆ ಅನ್ವಯಿಸುತ್ತದೆ. ಪಕ್ಕದ ಹಳ್ಳಿಯಲ್ಲಿರುವ ನಿಮ್ಮ ಸಂಬಂಧಿಕರಿಗೆ ಗ್ರಾಮೀಣ ಯೋಜನೆಯ ಬೇರೆ ನಿಯಮ, ಬೇರೆ ಮೊತ್ತ. ಒಂದೇ ಸಂದೇಶ ಇಬ್ಬರಿಗೂ ಸರಿಹೋಗುವುದಿಲ್ಲ.

ಉಳಿತಾಯ ಎಲ್ಲಿಂದ ಬರುತ್ತದೆ?

ಲೆಕ್ಕ ತಿಳಿಯಲು ಒಂದು ಊಹೆಯ ಉದಾಹರಣೆ ಮಾಡೋಣ. ಎಂಟು ಕುಟುಂಬಗಳಿವೆ, ಎಲ್ಲರಿಗೂ ಜಾಗ ಇದೆ. ಒಂದು ಚಿಕ್ಕ ಮನೆಗೆ 6 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಸಾಮಗ್ರಿ 4 ಲಕ್ಷ, ಕೂಲಿ 1.5 ಲಕ್ಷ, ಗುತ್ತಿಗೆದಾರರ ಪಾಲು 50 ಸಾವಿರ. ನಿಮ್ಮೂರಿನ ದರ ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

ಸಾಮಗ್ರಿ: ಎಂಟು ಮನೆಯ ಸಿಮೆಂಟ್, ಕಬ್ಬಿಣ, ಉಸುಕು, ಖಡಿ ಒಟ್ಟಿಗೆ ಖರೀದಿಸಿದರೆ ದರದಲ್ಲಿ, ಲಾರಿ ಬಾಡಿಗೆಯಲ್ಲಿ ಸ್ವಲ್ಪ ಉಳಿಯುತ್ತದೆ. ಶೇ 5 ಎಂದರೆ 20 ಸಾವಿರ.

ಗುತ್ತಿಗೆ: ಗುತ್ತಿಗೆದಾರರ ಬದಲು ಎಂಟೂ ಮನೆಗೆ ಸೇರಿ ಒಬ್ಬ ಎಂಜಿನಿಯರ್ ಅಥವಾ ಅನುಭವಿ ಗೌಂಡಿಯನ್ನು ಮೇಲ್ವಿಚಾರಣೆಗೆ ಇಟ್ಟುಕೊಂಡರೆ ಮನೆಗೆ 15 ಸಾವಿರ ಖರ್ಚು ಎಂದುಕೊಳ್ಳಿ. ಉಳಿತಾಯ 35 ಸಾವಿರ.

ಕೂಲಿ: ಪಾಯ ತೋಡುವುದು, ಉಸುಕು ಸೋಸುವುದು, ಇಟ್ಟಿಗೆ ಹೊರುವುದು, ಮಣ್ಣು ತುಂಬುವುದು, ಗೋಡೆಗೆ ನೀರು ಹೊಡೆಯುವುದು ಇವು ಮನೆಯವರೇ ಮಾಡಬಹುದಾದ ಕೆಲಸ. ಕೂಲಿಯ ಮೂರನೇ ಒಂದು ಭಾಗ ಇದರಲ್ಲಿ ಉಳಿದರೆ 50 ಸಾವಿರ.

ಒಟ್ಟು 1 ಲಕ್ಷ 5 ಸಾವಿರ. ಆರು ಲಕ್ಷದಲ್ಲಿ ಇದು ಶೇ 17.5. ಅರ್ಧ ಎಲ್ಲಿ, ಇದೆಲ್ಲಿ!

ಆದರೆ ಇದನ್ನು ಕಡಿಮೆ ಎಂದು ತಳ್ಳಿಹಾಕುವಂತಿಲ್ಲ. ಸರ್ಕಾರದ 2.5 ಲಕ್ಷ ಕಳೆದರೆ ಕುಟುಂಬ ಹೊಂದಿಸಬೇಕಾದದ್ದು 3.5 ಲಕ್ಷ. ಗುಂಪಿನ ಉಳಿತಾಯದಿಂದ ಅದು 2.45 ಲಕ್ಷಕ್ಕೆ ಇಳಿಯುತ್ತದೆ. ಅಂದರೆ ಸಾಲದ ಹೊರೆ ಶೇ 30 ಕಡಿಮೆ. ಶೇ 9ರ ಬಡ್ಡಿಗೆ ಹತ್ತು ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 4,430 ರೂಪಾಯಿಯಿಂದ ಸುಮಾರು 3,100ಕ್ಕೆ ಇಳಿಯುತ್ತದೆ. ಮಗ್ಗದ ಕೆಲಸ ಕಡಿಮೆಯಾದ ತಿಂಗಳಲ್ಲಿ ಮನೆ ಕೈಯಲ್ಲಿ ಉಳಿಯುವುದೋ ಇಲ್ಲವೋ ಎಂಬುದನ್ನು ಈ ವ್ಯತ್ಯಾಸ ನಿರ್ಧರಿಸಬಹುದು.

‘ನಮ್ಮ ಶ್ರಮ ಬಿಟ್ಟಿ’ ಎಂಬ ತಪ್ಪು ಕಲ್ಪನೆ

ಐದುನೂರು ರೂಪಾಯಿಯ ಕೂಲಿ ಬಿಟ್ಟು ಬಂದು ಐದುನೂರು ರೂಪಾಯಿಯ ಕೂಲಿ ಉಳಿಸಿದರೆ ಲಾಭ ಸೊನ್ನೆ. ಹಾಗಾಗಿ ಮೇಲಿನ 50 ಸಾವಿರ ನಿಜವಾಗಿ ಉಳಿಯುವುದು ರಜಾದಿನ, ಸಂಜೆ ಹೊತ್ತು, ಕೆಲಸವಿಲ್ಲದ ವಾರಗಳಲ್ಲಿ ದುಡಿದರೆ ಮಾತ್ರ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿತಾಯ 55 ಸಾವಿರ, ಅಂದರೆ ಶೇ 9ರಷ್ಟು. ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದೆ ‘ಮನೆಯಲ್ಲೇ ಇರುತ್ತಾರಲ್ಲ’ ಎನ್ನುವುದೂ ಇದೇ ತಪ್ಪಿನ ಇನ್ನೊಂದು ಮುಖ.

ಗುಂಪಿನಿಂದ ಸಿಗುವ ದೊಡ್ಡ ಅನುಕೂಲ ಬೇರೆ ಇದೆ: ಸಮಯ ಮತ್ತು ಸರದಿ. ಸರ್ಕಾರದ ಹಣ ಒಮ್ಮೆಲೇ ಬರುವುದಿಲ್ಲ. ಒಂದು ಹಂತ ಮುಗಿದ ಮೇಲೆ ಫೋಟೊ ತೆಗೆದು ದಾಖಲಿಸಿದಾಗ ಮುಂದಿನ ಕಂತು ಬರುತ್ತದೆ. ಕೈಯಲ್ಲಿ ಕಾಸಿಲ್ಲದ ಕುಟುಂಬದ ಗೋಡೆ ಲಿಂಟಲ್ ಮಟ್ಟದಲ್ಲಿ ನಿಂತುಬಿಡುವುದು ಇಲ್ಲೇ. ಎಂಟು ಮನೆಯವರು ತಲಾ ಸ್ವಲ್ಪ ಹಾಕಿ ಒಂದು ಸಾಮಾನ್ಯ ನಿಧಿ ಇಟ್ಟುಕೊಂಡರೆ ಆ ತಿಂಗಳನ್ನು ದಾಟಬಹುದು. ಸ್ವಸಹಾಯ ಸಂಘ ನಡೆಸಿದ ಮಹಿಳೆಯರಿಗೆ ಈ ಲೆಕ್ಕ ಹೊಸದಲ್ಲ.

ಸೆಂಟ್ರಿಂಗ್‌ನಲ್ಲೂ ಹಾಗೆ. ಚಿಕ್ಕ ಕೋಣೆಯ ಸ್ಲ್ಯಾಬ್‌ಗೆ ಕೊಟ್ಟ ಆಧಾರದ ಕಂಬಗಳನ್ನು ಕನಿಷ್ಠ ಒಂದು ವಾರ ತೆಗೆಯಬಾರದು. ಕಾಂಕ್ರೀಟ್‌ಗೆ ಏಳರಿಂದ ಹತ್ತು ದಿನ ಬಿಡದೆ ನೀರು ಹಿಡಿಸಬೇಕು, ಏಕೆಂದರೆ ಸಿಮೆಂಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಂದಿಗೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಒಂದೇ ಮನೆಯಾದರೆ ಆ ದಿನಗಳಲ್ಲಿ ಗೌಂಡಿ ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ. ಎಂಟು ಮನೆಯಾದರೆ ಪಕ್ಕದ ಗೋಡೆಗೆ ಹೋಗುತ್ತಾರೆ, ಅದೇ ಸೆಂಟ್ರಿಂಗ್ ಹಲಗೆ ಮುಂದಿನ ಮನೆಗೆ ಸಾಗುತ್ತದೆ.

ಮಣ್ಣಿನ ಇಟ್ಟಿಗೆಯಿಂದ ಇನ್ನೂ ಅಗ್ಗವೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ಬೆಳೆಸಿತು. ಇದಕ್ಕೆ ಭಾರತೀಯ ಮಾನಕವೂ ಇದೆ. ಸುಡುವ ಖರ್ಚಿಲ್ಲ, ಗುಂಪಾಗಿ ಮಾಡಲು ಹೇಳಿಮಾಡಿಸಿದ ಕೆಲಸ. ‘ಮಳೆಗೆ ಕರಗುತ್ತದೆ’ ಎಂಬುದು ಸಿಮೆಂಟ್ ಬೆರೆಸದ ಹಸಿ ಇಟ್ಟಿಗೆಗೆ ಹೇಳುವ ಮಾತು.

ಆದರೆ ಎಲ್ಲ ಮಣ್ಣೂ ಆಗದು. ನಮ್ಮ ಭಾಗದ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದು ಇಟ್ಟಿಗೆಗೆ ಸಲ್ಲದು. ಉಸುಕಿನ ಅಂಶ ಹೆಚ್ಚಿರುವ ಮಸಾರಿ ಮಣ್ಣು ಲೇಸು. ಬಾಟಲಿಗೆ ಅರ್ಧ ಮಣ್ಣು, ಉಳಿದದ್ದು ನೀರು ತುಂಬಿ ಅಲುಗಾಡಿಸಿ ಇಡಿ. ಉಸುಕು ಮೊದಲು ತಳ ಸೇರುತ್ತದೆ, ಜಿಗುಟು ಮಣ್ಣು ನಿಧಾನವಾಗಿ ಮೇಲೆ ಕೂರುತ್ತದೆ. ಮೇಲಿನ ಪದರ ದಪ್ಪವಾಗಿದ್ದರೆ ಆ ಮಣ್ಣು ಬೇಡ. ಎರೆ ನೆಲದ ಮೇಲೆ ಮನೆ ಕಟ್ಟುವುದಾದರೆ ಪಾಯ ಎಷ್ಟು ಆಳ, ಯಾವ ಬಗೆ ಎಂಬುದನ್ನು ಎಂಜಿನಿಯರ್ ಹೇಳಬೇಕು. ಇದು ಉಳಿತಾಯ ಮಾಡುವ ಜಾಗವಲ್ಲ. ಕಬ್ಬಿಣ ಕಟ್ಟುವುದು, ಸ್ಲ್ಯಾಬ್ ಹಾಕುವುದು, ವಿದ್ಯುತ್ ಕೆಲಸ ಕೂಡ ಅಷ್ಟೇ.

ಜಾಗವೇ ಇಲ್ಲದವರು ಏನು ಮಾಡಬೇಕು?

ಮೇಲಿನ ಎಲ್ಲ ಲೆಕ್ಕಕ್ಕೆ ಜಾಗ ಮೊದಲು. ಅದಿಲ್ಲದವರಿಗೆ ಶ್ರಮದ ಗುಂಪು ಸಾಲದು, ನೋಂದಾಯಿತ ಸಹಕಾರ ಸಂಘ ಬೇಕು. ಇದಕ್ಕೆ ಹತ್ತಿರದ ನಿದರ್ಶನ ಕನ್ನಡಿಗರೂ ಬಾಳುವ ಗಡಿಜಿಲ್ಲೆ ಸೊಲ್ಲಾಪುರ. ಅಲ್ಲಿನ ಕುಂಭಾರಿಯಲ್ಲಿ ಬೀಡಿ ಕಟ್ಟುವ ಮಹಿಳೆಯರ ಸಹಕಾರ ಸಂಘದ ಸುಮಾರು 10,000 ಮನೆಗಳು 2006ರಲ್ಲಿ ಹಸ್ತಾಂತರವಾದವು. ಅದೇ ಕುಂಭಾರಿಯ ರೇನಗರದಲ್ಲಿ ಕೈಮಗ್ಗ ಮತ್ತು ವಿದ್ಯುತ್‌ಮಗ್ಗದ ಕಾರ್ಮಿಕರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ಚಾಲಕರು ಮೊದಲಾದವರಿಗಾಗಿ 30,000 ಮನೆಗಳ ಯೋಜನೆ ರೂಪುಗೊಂಡಿತು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಹಸ್ತಾಂತರಿಸಲಾಯಿತು. ಅಲ್ಲಿ ಕಾರ್ಮಿಕರು ಇಟ್ಟಿಗೆ ಹೊರಲಿಲ್ಲ. ಸಂಘಟಿತರಾಗಿ ಜಾಗ, ಅನುದಾನ, ಸಾಲಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಜಾಗ ಇದ್ದವರಿಗೆ ಗುಂಪು ಖರ್ಚು ಇಳಿಸುತ್ತದೆ, ಜಾಗ ಇಲ್ಲದವರಿಗೆ ಗುಂಪು ಒಂದು ದನಿ ಕೊಡುತ್ತದೆ. ಎರಡೂ ಬೇರೆ ಬೇರೆ ಕೆಲಸ.

ಸಹಕಾರ ನಮಗೆ ಪರಕೀಯವೂ ಅಲ್ಲ. ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಪತ್ತಿನ ಸಂಘ ಹುಟ್ಟಿತ್ತು.

ಗುಂಪು ಕಟ್ಟುವ ಮುನ್ನ ಕಾಗದದ ಮೇಲೆ ಇರಬೇಕಾದ್ದು

1. ಪ್ರತಿ ಜಾಗದ ಇ-ಖಾತೆ ಮತ್ತು ಕಟ್ಟಡ ಪರವಾನಗಿ. ‘ನಮ್ಮ ಜಾಗ, ನಮ್ಮ ಶ್ರಮ, ಪರವಾನಗಿ ಯಾಕೆ’ ಎಂಬುದು ತಪ್ಪು. ಕೃಷಿ ಜಮೀನಾದರೆ ಮೊದಲು ಭೂಪರಿವರ್ತನೆ ಆಗಿರಬೇಕು.

2. ಸರದಿ. ಒಂದು ಮನೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು, ಎಲ್ಲ ಮನೆಯ ಪಾಯ, ಆಮೇಲೆ ಎಲ್ಲ ಮನೆಯ ಗೋಡೆ ಎಂದು ಹಂತವಾಗಿ ಸಾಗಿ. ಜಗಳ ಕಡಿಮೆ.

3. ಗಂಟೆಯ ಪುಸ್ತಕ. ಯಾರು ಎಷ್ಟು ಹೊತ್ತು ದುಡಿದರು ಎಂಬುದು ಅಂದಂದೇ ಬರೆದಿರಬೇಕು. ವಯಸ್ಸಾದವರು, ಬಾಣಂತಿಯರು, ಕಾಯಿಲೆಯವರು ಇರುವ ಮನೆಗೆ ಏನು ರಿಯಾಯಿತಿ ಎಂಬುದನ್ನೂ ಮೊದಲೇ ತೀರ್ಮಾನಿಸಿ.

4. ಹಣ. ಬ್ಯಾಂಕಿನಲ್ಲಿ ಜಂಟಿ ಖಾತೆ, ಇಬ್ಬರ ಸಹಿ, ಪ್ರತಿ ಖರೀದಿಗೂ ರಸೀದಿ.

5. ಅಪಘಾತ ಆದರೆ ಅಥವಾ ಒಬ್ಬರು ನಡುವೆ ಬಿಟ್ಟುಹೋದರೆ ಏನು ಎಂಬ ಒಪ್ಪಂದ.

ಈ ಐದರಲ್ಲಿ ಒಂದಕ್ಕೂ ಉತ್ತರ ಕೊಡದೆ ‘ಬೇಗ ಹೆಸರು ಬರೆಸಿ’ ಎನ್ನುವ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಯಾರಾದರೂ ಆಗಲೇ ಹಣ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಲು ಹೇಳಿ. ಅದು ಆನ್‌ಲೈನ್ ಹಣದ ವಂಚನೆ ದೂರಿನ ಸಹಾಯವಾಣಿ. ಕಳಿಸಲೇಬೇಕು ಎನಿಸಿದರೆ ಮೇಲಿನ ಐದು ಅಂಶಗಳನ್ನು ಕಳಿಸಿ.