ಬಾಲಪಾಠದ ಚಿತ್ರಗಳಲ್ಲಿ ಶಿಲುಬೆಯ ಯುದ್ಧಗಳು

ಚಿತ್ರದ ಮೂಲಕ ಮಕ್ಕಳಿಗೆ ಪಾಠ ಹೇಳುವ ಪದ್ಧತಿಗೆ ಯೂರೋಪಿನಲ್ಲಿ ಮಾರ್ಗದರ್ಶಕವಾದ ಗ್ರಂಥವು ಕೊಮೇನಿಯಸ್ ಪಂಡಿತನ ‘ಆರ್ಬಿಸ್ ಸೆನ್ಸುವಾಲಿಯುಂ ಪಿಕ್ಟುಸ್’. ಇದು ಕ್ರಿ. ಶ. ೧೬೫೮ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾಯಿತು. ಮೇಲೆ ಚಿತ್ರ, ಕೆಳಗೆ ಲ್ಯಾಟಿನ್ ಮತ್ತು ಜರ್ಮನ್ ವಾಕ್ಯಗಳು, ಚಿತ್ರದ ಅಂಗಗಳಿಗೂ ವಾಕ್ಯದ ಪದಗಳಿಗೂ ಒಂದೇ ಅಂಕೆ: ಇದೇ ಅದರ ಕ್ರಮ. ಅದರಲ್ಲಿ ಪಕ್ಷಿಗಳೂ ಗಿಡಮರಗಳೂ ಇರುವಂತೆಯೇ ನಗರದ ಮುತ್ತಿಗೆಯೂ ನೌಕಾಯುದ್ಧವೂ ಇವೆ. ಇದನ್ನು ರಚಿಸಿದವನೇ ಮತಯುದ್ಧಕ್ಕೆ ಸಿಕ್ಕಿ ದೇಶಭ್ರಷ್ಟನಾದವನೆಂಬುದು ಸ್ಮರಣೀಯ. ಗ್ರಂಥವು ಹೊರಬರುವುದಕ್ಕೆ ಎರಡು ವರ್ಷ ಮೊದಲು, ಎಂದರೆ ೧೬೫೬ರಲ್ಲಿ, ಪೋಲೆಂಡಿನ ಲೆಶ್ನೊ ಪಟ್ಟಣವು ಯುದ್ಧದಲ್ಲಿ ಸುಟ್ಟುಹೋದಾಗ ಅವನ ಪುಸ್ತಕಗಳೂ ಹಸ್ತಪ್ರತಿಗಳೂ ಭಸ್ಮವಾದುವು. ಆದುದರಿಂದ ಯುದ್ಧವನ್ನು ಮಕ್ಕಳಿಗೆ ಹೇಗೆ ತೋರಿಸಬೇಕೆಂಬ ಪ್ರಶ್ನೆಯು ಸಚಿತ್ರ ಬಾಲಪಾಠದೊಡನೆಯೇ ಹುಟ್ಟಿದುದೆಂದು ಹೇಳಬಹುದು.

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಶಿಲುಬೆಯ ಯುದ್ಧಗಳಿಗಿಂತ ತಕ್ಕ ಉದಾಹರಣೆಯಿಲ್ಲ. ೧೦೯೫ರ ನವೆಂಬರ್ ತಿಂಗಳಲ್ಲಿ ಕ್ಲೆರ್ಮಾಂಟ್ ಸಭೆಯಲ್ಲಿ ಎರಡನೆಯ ಅರ್ಬನ್ ಪೋಪನು ಕರೆಯಿತ್ತಂದಿನಿಂದ, ೧೨೯೧ರಲ್ಲಿ ಅಕ್ಕಾ ಪಟ್ಟಣವು ಫ್ರಾಂಕರ ಕೈತಪ್ಪುವವರೆಗೆ, ಸುಮಾರು ಇನ್ನೂರು ವರ್ಷ ನಡೆದ ಈ ಯುದ್ಧಪರಂಪರೆಯು ಯೂರೋಪಿನ ಬಾಲಪುಸ್ತಕಗಳಲ್ಲಿ ಬಹುವಾಗಿ ಚಿತ್ರಿತವಾಗಿದೆ.

ಮೊದಲು ಹೆಸರನ್ನು ಕುರಿತು ಒಂದು ಮಾತು ಅವಶ್ಯ. ಕನ್ನಡ ಪಾಠಪುಸ್ತಕಗಳಲ್ಲಿ ಇವಕ್ಕೆ ‘ಧರ್ಮಯುದ್ಧಗಳು’ ಎಂಬ ಹೆಸರು ರೂಢಿಯಾಗಿದೆ. ಸಂಸ್ಕೃತದಲ್ಲಿ ಧರ್ಮಯುದ್ಧವೆಂದರೆ ಮತಕ್ಕಾಗಿ ಮಾಡುವ ಯುದ್ಧವಲ್ಲ. ನಿಯಮಕ್ಕೆ ಒಳಪಟ್ಟು ಮಾಡುವ ಯುದ್ಧ. ಶಸ್ತ್ರವಿಲ್ಲದವನನ್ನೂ, ಕೈಮುಗಿದು ಶರಣಾದವನನ್ನೂ, ನಿದ್ರಿಸುತ್ತಿರುವವನನ್ನೂ ಕೊಲ್ಲತಕ್ಕುದಲ್ಲವೆಂಬುದು ಮನುಸ್ಮೃತಿಯ ಏಳನೆಯ ಅಧ್ಯಾಯದ ವಿಧಿ. ಈ ಅರ್ಥವನ್ನು ಮನೆಯಲ್ಲಿ ಭಾರತದ ಕಥೆಯಿಂದ ತಿಳಿದ ಬಾಲಕನು ಶಾಲೆಯಲ್ಲಿ ಅದೇ ಶಬ್ದವನ್ನು ಕೇಳಿದಾಗ, ಹೆಸರೇ ಅವನಿಗೆ ತೀರ್ಪಾಗುತ್ತದೆ. ಅರಬ್ಬೀ ಇತಿಹಾಸಕಾರರಾದರೋ ಆ ಕಾಲದಲ್ಲಿ ಇವನ್ನು ಫ್ರಾಂಕರ ಯುದ್ಧಗಳೆಂದೇ ಕರೆದರು. ‘ಶಿಲುಬೆಯ ಯುದ್ಧಗಳು’ ಎಂಬ ಅರ್ಥದ ಅರಬ್ಬೀ ಹೆಸರು ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ.

ಶಬ್ದದ ವಿಷಯವಾಗಿ ಹೇಳಿದುದು ಚಿತ್ರಕ್ಕೂ ಸಲ್ಲುತ್ತದೆ. ಇಂಗ್ಲೆಂಡಿನ ಚರ್ಟ್ಸಿ ಮಠದ ಅವಶೇಷಗಳಲ್ಲಿ ದೊರೆತ ಹದಿಮೂರನೆಯ ಶತಮಾನದ ನೆಲಹಾಸಿನ ಬಿಲ್ಲೆಗಳಲ್ಲಿ ರಿಚರ್ಡ್ ರಾಜನು ಕುದುರೆಯೇರಿ ಈಟಿಯಿಂದ ಇರಿಯುತ್ತಿರುವಂತೆಯೂ, ಸಲಾಹುದ್ದೀನ್ ಸುಲ್ತಾನನು ಗಾಯಗೊಂಡು ಬೀಳುತ್ತಿರುವಂತೆಯೂ ಚಿತ್ರಿಸಿದೆ. ಹದಿನಾಲ್ಕನೆಯ ಶತಮಾನದ ಲಟ್ರೆಲ್ ಸ್ತೋತ್ರಗ್ರಂಥದ ಅಂಚಿನಲ್ಲಿಯೂ ಇದೇ ದ್ವಂದ್ವಯುದ್ಧವಿದೆಯೆಂದು ವಿದ್ವಾಂಸರು ಗುರುತಿಸಿರುವರು. ಅಲ್ಲಿ ಸುಲ್ತಾನನ ಮುಖಕ್ಕೆ ನೀಲವರ್ಣವನ್ನು ಬಳಿದಿದೆ. ಆದರೆ ರಿಚರ್ಡನೂ ಸಲಾಹುದ್ದೀನನೂ ಒಮ್ಮೆಯೂ ಮುಖಾಮುಖಿಯಾದವರಲ್ಲ. ಸಂಧಾನದಲ್ಲಿ ರಿಚರ್ಡನು ಕಂಡು ಮಾತನಾಡಿದುದು ಸುಲ್ತಾನನ ತಮ್ಮನಾದ ಅಲ್-ಆದಿಲನನ್ನು. ೧೮೨೫ರಲ್ಲಿ ವಾಲ್ಟರ್ ಸ್ಕಾಟನು ತನ್ನ ‘ಟ್ಯಾಲಿಸ್ಮನ್’ ಕಾದಂಬರಿಯಲ್ಲಿ ಸುಲ್ತಾನನನ್ನು ವೈದ್ಯನ ವೇಷದಲ್ಲಿ ರಿಚರ್ಡನ ಶಯ್ಯೆಯ ಬಳಿಗೆ ತಂದನು. ಶತ್ರುವಾಗಿದ್ದವನು ಉದಾರಪುರುಷನಾದನು; ನಡೆಯದ ಭೇಟಿಯು ಮಾತ್ರ ಹಾಗೆಯೇ ಉಳಿಯಿತು. ೧೯೦೫ರಲ್ಲಿ ಪ್ರಕಟವಾಗಿ ತಲೆಮಾರುಗಳ ಕಾಲ ಮಕ್ಕಳು ಓದಿದ ಮಾರ್ಷಲ್ ಎಂಬಾಕೆಯ ‘ಅವರ್ ಐಲೆಂಡ್ ಸ್ಟೋರಿ’ ಎಂಬ ಸಚಿತ್ರ ಗ್ರಂಥದಲ್ಲಿ ರಿಚರ್ಡನ ಸೆರೆವಾಸದ ಪ್ರಸಂಗಕ್ಕೆ ಗಾಯಕ ಬ್ಲಾಂಡೆಲನ ಕಥೆಯೇ ಪ್ರಾಣ. ಆ ಕಥೆಯಾದರೋ ರಾಜನು ಗತಿಸಿ ಅರ್ಧಶತಮಾನಕ್ಕೂ ಮೇಲೆ ಹುಟ್ಟಿದುದು. ಸಮಕಾಲೀನರಲ್ಲಿ ಯಾರೂ ಅದನ್ನು ಹೇಳಿಲ್ಲ.

ಇದ್ದುದನ್ನು ಬಿಡುವುದು ಇಲ್ಲದುದನ್ನು ಸೇರಿಸುವುದಕ್ಕಿಂತ ದೊಡ್ಡ ದೋಷ. ೧೧೯೧ರ ಆಗಸ್ಟ್ ೨೦ರಂದು, ಅಕ್ಕಾ ಪಟ್ಟಣವು ಶರಣಾದ ಮೇಲೆ, ಒಪ್ಪಂದದ ಹಣವು ತಡವಾಯಿತೆಂದು ರಿಚರ್ಡನು ಸೆರೆಯಾಳುಗಳನ್ನು ಕೊಲ್ಲಿಸಿದನು. ಇದು ಶತ್ರುಪಕ್ಷದ ನಿಂದೆಯಲ್ಲ. ಕ್ಲೆರ್ವೊ ಮಠಾಧಿಪತಿಗೆ ಬರೆದ ಪತ್ರದಲ್ಲಿ ರಿಚರ್ಡನೇ ಸುಮಾರು ೨,೬೦೦ ಮಂದಿಯೆಂದು ತಿಳಿಸಿರುವನು. ಅವನ ಕಡೆಯ ಕವಿ ಆಂಬ್ರೋಯಿಸನು ೨,೭೦೦ ಎನ್ನುತ್ತಾನೆ. ಸುಲ್ತಾನನ ಆಸ್ಥಾನದ ಬಹಾವುದ್ದೀನನು ೩,೦೦೦ದಷ್ಟು ಎನ್ನುತ್ತಾನೆ. ಸಂಖ್ಯೆಯಲ್ಲಿ ಭೇದವಿದೆ, ಸಂಗತಿಯಲ್ಲಿ ಇಲ್ಲ. ಮನುವಿನ ವಿಧಿಯಂತೆ ಇದು ಧರ್ಮಯುದ್ಧಕ್ಕೆ ನೇರವಾಗಿ ವಿರುದ್ಧವಾದ ಕಾರ್ಯ. ೧೦೯೬ರಲ್ಲಿ ವರ್ಮ್ಸ್ ಮತ್ತು ಮೈಂಜ್ ಪಟ್ಟಣಗಳ ಯೆಹೂದ್ಯರ ಹತ್ಯೆ, ೧೦೯೯ರ ಜುಲೈ ೧೫ರಂದು ಜೆರೂಸಲೇಮಿನಲ್ಲಿ ನಡೆದ ಸಂಹಾರ, ೧೨೦೪ರಲ್ಲಿ ಕ್ರೈಸ್ತರೇ ಕ್ರೈಸ್ತರ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಮಾಡಿದುದು ಇವೂ ಇದೇ ಪಂಕ್ತಿಗೆ ಸೇರಿದುವು.

ಎದುರುಪಕ್ಷದ ಚಿತ್ರವನ್ನು ಬರಿಯ ಬೆಳಕಿನಲ್ಲಿ ಬರೆಯುವುದೂ ಸತ್ಯವಲ್ಲ. ೧೧೮೭ರಲ್ಲಿ ಜೆರೂಸಲೇಮನ್ನು ಗೆದ್ದ ಸಲಾಹುದ್ದೀನನು ಹತ್ಯೆಗೆ ಎಡೆಗೊಡದೆ, ಪುರುಷನಿಗೆ ೧೦, ಸ್ತ್ರೀಗೆ ೫ ದೀನಾರುಗಳ ಬಿಡುಗಡೆಯ ಹಣವನ್ನು ಗೊತ್ತುಮಾಡಿದನು. ಅನೇಕ ಬಡವರನ್ನು ಹಣವಿಲ್ಲದೆಯೂ ಬಿಡಿಸಿದನು. ಆದರೆ ಸಾವಿರಾರು ಮಂದಿ ದಾಸ್ಯಕ್ಕೆ ಗುರಿಯಾದುದೂ, ಅದೇ ವರ್ಷ ಹತ್ತೀನ್ ಯುದ್ಧದ ತರುವಾಯ ಸೆರೆಸಿಕ್ಕ ಟೆಂಪ್ಲರ್ ಮತ್ತು ಹಾಸ್ಪಿಟಲರ್ ಯೋಧರನ್ನು ಅವನು ಕೊಲ್ಲಿಸಿದುದೂ ದೃಢವಾದ ಸಂಗತಿಗಳೇ.

೧೨೧೨ರ ‘ಮಕ್ಕಳ ಯಾತ್ರೆ’ಯು ಬಾಲಪುಸ್ತಕಗಳಿಗೆ ಪ್ರಿಯವಾದ ವಿಷಯ. ೧೮೭೭ರಲ್ಲಿ ಗುಸ್ಟಾವ್ ಡೋರೆ ಎಂಬ ಚಿತ್ರಕಾರನು ಮಿಷೋ ರಚಿತ ಇತಿಹಾಸಕ್ಕೆ ಬರೆದ ನೂರು ಚಿತ್ರಗಳಲ್ಲಿ ಇದೂ ಒಂದು. ಮೂಲಗ್ರಂಥಗಳಲ್ಲಿರುವ ಶಬ್ದ ‘ಪುಎರಿ’. ಅದಕ್ಕೆ ಬಾಲಕರೆಂಬ ಅರ್ಥವಿರುವಂತೆ, ಆಳುಗಳು, ನೆಲೆಯಿಲ್ಲದ ಬಡವರು ಎಂಬ ಅರ್ಥವೂ ಉಂಟೆಂದು ಅರ್ವಾಚೀನ ಸಂಶೋಧಕರು ತೋರಿಸಿರುವರು. ಕನ್ನಡದಲ್ಲಿ ‘ಹುಡುಗ’ ಎಂಬ ಮಾತು ಕೆಲಸದವನಿಗೂ ಸಲ್ಲುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಒಂದು ಶಬ್ದದ ಒಂದೇ ಅರ್ಥವನ್ನು ಹಿಡಿದು ಬರೆದ ಚಿತ್ರವು ಯಾತ್ರೆಯಲ್ಲಿ ನಡೆದ ಬಡಜನರನ್ನು ಮರೆಮಾಡಿತು.

ಹಾಗಾದರೆ ಕೊಲೆಯನ್ನು ಮಕ್ಕಳ ಕಣ್ಣಿಗೆ ತೋರಿಸಬೇಕೆ? ಇಲ್ಲಿ ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಉಪಕಾರಿ. ಶೃಂಗಾರ, ಹಾಸ್ಯ, ಶಾಂತರಸಗಳ ಚಿತ್ರಗಳು ಮನೆಗೆ ತಕ್ಕುವು. ಯುದ್ಧ, ಶ್ಮಶಾನಾದಿಗಳು ಮನೆಗೆ ಸಲ್ಲವು, ರಾಜಸಭೆಗೂ ದೇವಾಲಯಕ್ಕೂ ಸಲ್ಲುವುವೆಂದು ಅದರ ಅಭಿಪ್ರಾಯ. ಘೋರವನ್ನು ಬರೆಯಲೇ ಬಾರದೆಂದು ಶಾಸ್ತ್ರಕಾರನು ಹೇಳಲಿಲ್ಲ, ಸ್ಥಾನವನ್ನು ವಿಭಾಗಿಸಿದನು. ಈ ನ್ಯಾಯದಂತೆ ಎಳೆಯ ತರಗತಿಗಳಲ್ಲಿ ರಕ್ತಪಾತವನ್ನು ಚಿತ್ರದಿಂದ ತೋರಿಸದೆ ಮಾತಿನಿಂದ ಹೇಳಬಹುದು. ಆದರೆ ಹೇಳದೆ ಬಿಡಲಾಗದು. ಗೆದ್ದ ವೀರನ ಕುದುರೆಯನ್ನು ಬಣ್ಣದಲ್ಲಿ ಬರೆದು, ಸೆರೆಯಾಳುಗಳ ಸುದ್ದಿಯನ್ನು ಒಂದು ಸಾಲಿನಲ್ಲಿಯೂ ಸೂಚಿಸದ ಪುಸ್ತಕವು ಇತಿಹಾಸವಲ್ಲ.

ಶಾಂತರಸಕ್ಕೆ ತಕ್ಕ ವಿಷಯಗಳಿಗೂ ಈ ಯುದ್ಧಗಳಲ್ಲಿ ಕೊರತೆಯಿಲ್ಲ. ಶೈಜರಿನ ಉಸಾಮ ಇಬ್ನ್ ಮುನ್ಕಿಜನು (೧೦೯೫–೧೧೮೮) ತನ್ನ ಸ್ಮರಣಗ್ರಂಥದಲ್ಲಿ ಒಂದು ಸಂಗತಿಯನ್ನು ಹೇಳಿರುವನು. ಜೆರೂಸಲೇಮಿನಲ್ಲಿ ಟೆಂಪ್ಲರ್ ಮಿತ್ರರು ಅವನಿಗೆ ನಮಾಜಿಗೆಂದು ಒಂದು ಸಣ್ಣ ಮಸೀದಿಯನ್ನು ತೆರವು ಮಾಡಿಕೊಡುತ್ತಿದ್ದರು. ಹೊಸದಾಗಿ ಬಂದ ಫ್ರಾಂಕನೊಬ್ಬನು ಅವನ ಮುಖವನ್ನು ಬಲಾತ್ಕಾರವಾಗಿ ಪೂರ್ವಕ್ಕೆ ತಿರುಗಿಸಿದಾಗ, ಆ ಟೆಂಪ್ಲರರೇ ಅವನನ್ನು ಹೊರಕ್ಕೆ ನೂಕಿ, ಉಸಾಮನ ಕ್ಷಮೆ ಬೇಡಿದರು. ಹತ್ತು ವರ್ಷದ ಬಾಲಕನು ನೋಡಿ ಪ್ರಶ್ನೆ ಕೇಳಬಹುದಾದ ಚಿತ್ರವಿದು.

ಚಿತ್ರವನ್ನು ಓದುವ ಕ್ರಮಕ್ಕೆ ನಿದರ್ಶನವಾಗಿ ಆ ಕಾಲದ್ದೇ ಒಂದು ಗ್ರಂಥವಿದೆ. ಒಂಬತ್ತನೆಯ ಲೂಯಿ ರಾಜನಿಗಾಗಿ ೧೨೪೦ರ ಸುಮಾರಿನಲ್ಲಿ ಸಿದ್ಧವಾಯಿತೆಂದು ಭಾವಿಸಲಾಗಿರುವ, ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ ಚಿತ್ರ-ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆಯ ಯುದ್ಧಗಳನ್ನು ಫ್ರೆಂಚ್ ಯೋಧರ ಕವಚಾಯುಧಗಳೊಡನೆ ಬರೆದಿದೆ. ಮೊದಲು ಅದರಲ್ಲಿ ಅಕ್ಷರವಿರಲಿಲ್ಲ. ೧೩೦೦ರ ಸುಮಾರಿಗೆ ಇಟಲಿಯಲ್ಲಿ ಲ್ಯಾಟಿನ್ ವಿವರಣೆ ಸೇರಿತು. ೧೬೦೮ರಲ್ಲಿ ಪೋಲೆಂಡಿನ ಕಾರ್ಡಿನಲನ ಕಾಣಿಕೆಯಾಗಿ ಅದು ಪಾರಸಿಕದ ಷಾ ಅಬ್ಬಾಸನ ಕೈಸೇರಿದಾಗ ಪಾರಸಿ ವಿವರಣೆ ಸೇರಿತು. ತರುವಾಯ ಹೀಬ್ರೂ ಲಿಪಿಯಲ್ಲಿ ಬರೆದ ಪಾರಸಿಯೂ ಕೂಡಿತು. ಮೂರು ಮತದವರು ಒಂದೇ ಚಿತ್ರವನ್ನು ಕೆಡಿಸದೆ, ತಮಗೆ ಕಂಡ ಅರ್ಥವನ್ನು ಅದರ ಅಂಚಿನಲ್ಲಿ ಬರೆದರು. ಬಾಲಪಾಠದ ಪ್ರತಿಯೊಂದು ಯುದ್ಧಚಿತ್ರದ ಕೆಳಗೂ, ಇದನ್ನು ಯಾವಾಗ ಬರೆಯಲಾಯಿತು, ಬರೆದವನು ಕಣ್ಣಾರೆ ಕಂಡನೆ, ಎದುರುಪಕ್ಷದವರು ಏನೆನ್ನುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಅಚ್ಚಿಸುವುದು ಕಷ್ಟವಲ್ಲ. ಅಚ್ಚಿನಲ್ಲಿ ಇಲ್ಲದೆಡೆ ಅದನ್ನು ಹೇಳುವ ಭಾರವು ಉಪಾಧ್ಯಾಯನದು.